ಭಾಷಾ ನ್ಯೂನತೆಯಿರುವ ಎಳೆಯ ಮಕ್ಕಳಲ್ಲಿ ಶಬ್ದಗ್ರಹಣ: ಕನ್ನಡ ಮತ್ತು ಶಿರಸಿ ಸೀಮೆಯ ಸಂದರ್ಭ

ಕಿವಿಯ ಪರೀಕ್ಷೆ ಸರಿಯಾಗಿ ಬಂದಿರುತ್ತದೆ. ಮಗು ಆಟದಲ್ಲಿ ಚುರುಕು, ಮನೆಯವರೊಡನೆ ಬೆರೆಯುತ್ತದೆ, ಕೈಸನ್ನೆ ಮಾಡಿದರೆ ತಿಳಿಯುತ್ತದೆ. ಆದರೂ ಮಾತು ವಯಸ್ಸಿಗೆ ತಕ್ಕಷ್ಟು ಬೆಳೆಯುವುದಿಲ್ಲ. ಮೂರು ತುಂಬಿದರೂ ಪದಕ್ಕೆ ಪದ ಕೂಡಿಸುವುದು ಕಷ್ಟ. ಐದಕ್ಕೆ ಬಂದರೂ ಉದ್ದದ ಮಾತು ಹೇಳಿದರೆ ಒಂದು ತುಣುಕಷ್ಟೇ ಹಿಡಿದುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಕಿವುಡು, ಆಟಿಸಂ, ಬೌದ್ಧಿಕ ನ್ಯೂನತೆ, ಮಿದುಳಿಗೆ ಬಿದ್ದ ಪೆಟ್ಟು ಮುಂತಾದ ಗೊತ್ತಾದ ಕಾರಣ ಯಾವುದೂ ಇಲ್ಲದೆ ಕಾಣಿಸಿಕೊಂಡು, ತಾನಾಗಿ ಮಾಯವಾಗದೆ ಉಳಿಯುವ ಈ ತೊಡಕಿಗೆ ಈಗ ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್, ಚಿಕ್ಕದಾಗಿ ಡಿಎಲ್‌ಡಿ, ಎಂದು ಹೆಸರು. ಕನ್ನಡದಲ್ಲಿ ಬೆಳವಣಿಗೆಯ ಭಾಷಾ ನ್ಯೂನತೆ ಎನ್ನಬಹುದು. ಇಂಥ ಮಕ್ಕಳ ಮಿದುಳು ಶಬ್ದವನ್ನು ಹೇಗೆ ಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದು ಐವತ್ತು ವರ್ಷಗಳಿಂದ ನಡೆದುಬಂದ, ಇನ್ನೂ ತೀರದ ಚರ್ಚೆ.

ಹೆಸರು ಹಲವು ಸಲ ಬದಲಾಗಿದೆ. ಹಿಂದಿನ ವೈದ್ಯರು ಇದನ್ನು ಹುಟ್ಟಿನಿಂದ ಬಂದ ಅಫೇಸಿಯಾ (ಮಾತಿನ ನಷ್ಟ) ಎಂದರು. 1980ರ ದಶಕದಿಂದ ಸ್ಪೆಸಿಫಿಕ್ ಲ್ಯಾಂಗ್ವೇಜ್ ಇಂಪೇರ್‌ಮೆಂಟ್ ಎಂಬ ಹೆಸರು ಚಲಾವಣೆಗೆ ಬಂತು. 2016–17ರಲ್ಲಿ ಬ್ರಿಟನ್ನಿನ ಮನೋವಿಜ್ಞಾನಿ ಡೊರೊತಿ ಬಿಷಪ್ ಅವರ ಮುಂದಾಳತ್ವದಲ್ಲಿ ನಡೆದ ಕ್ಯಾಟಲೈಸ್ ಎಂಬ ಸಮಾಲೋಚನೆಯ ನಂತರ ಡಿಎಲ್‌ಡಿ ಗಟ್ಟಿಯಾಯಿತು. ಭಾಷೆಯೊಂದನ್ನು ಬಿಟ್ಟು ಉಳಿದೆಲ್ಲ ಬುದ್ಧಿಶಕ್ತಿ ಪೂರ್ತಿ ಸಾಮಾನ್ಯವಾಗಿರಲೇಬೇಕು ಎಂಬ ಹಳೆಯ ಷರತ್ತನ್ನು ಆಗ ಕೈಬಿಡಲಾಯಿತು. ಅಮೆರಿಕದ ಅಯೋವಾದಲ್ಲಿ 1997ರಲ್ಲಿ ಪ್ರಕಟವಾದ ಸಮೀಕ್ಷೆ ಶಾಲೆಗೆ ಕಾಲಿಡುವ ಮಕ್ಕಳಲ್ಲಿ ಶೇ 7.4ರಷ್ಟು ಮಂದಿಗೆ ಈ ತೊಡಕಿದೆ ಎಂದಿತು. ಇಂಗ್ಲೆಂಡಿನ ಸರ್ರೆಯಲ್ಲಿ 2016ರಲ್ಲಿ ಬಂದ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಇಂಗ್ಲಿಷ್ ಮಾತಾಡುವ ಮಕ್ಕಳ ಲೆಕ್ಕ. ಅದನ್ನೇ ತಂದು ಕನ್ನಡದ ಮಕ್ಕಳ ಮೇಲೆ ಹೊರಿಸುವ ಅಭ್ಯಾಸ ನಮ್ಮ ಲೇಖನಗಳಲ್ಲಿ ಸಾಕಷ್ಟಿದೆ. ಹಾಗೆ ಮಾಡದಿರುವುದು ಒಳ್ಳೆಯದು.

ಕಿವಿಯಿಂದ ಮಿದುಳಿಗೆ

ಶಬ್ದ ಒಳಕಿವಿಯ ಶಂಖಾಕಾರದ ನಾಳವನ್ನು ಮುಟ್ಟಿದಾಗ ಅಲ್ಲಿಯ ಕೂದಲಕೋಶಗಳು ಅದನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತವೆ. ಅಲ್ಲಿಂದ ಶ್ರವಣ ನರ, ಮಿದುಳಿನ ಕಾಂಡ, ಥಲಾಮಸ್, ಕೊನೆಗೆ ಕಿವಿಯ ಮೇಲ್ಭಾಗಕ್ಕೆ ನೇರವಾಗಿ ಒಳಗಿರುವ ಟೆಂಪೊರಲ್ ಪಾಲಿಯ ಹೊರಪದರ. ಮಿದುಳಿನ ಕಾಂಡದವರೆಗಿನ ಪಯಣಕ್ಕೆ ಹತ್ತು ಮಿಲಿಸೆಕೆಂಡೂ ಬೇಡ. ಅಂದರೆ ಸೆಕೆಂಡಿನ ನೂರನೆಯ ಒಂದು ಭಾಗ. ಈ ಭಾಗವನ್ನು ಅಳೆಯುವುದೇ ಜನ ಬೇರಾ ಟೆಸ್ಟ್ ಎಂದು ಕರೆಯುವ ಪರೀಕ್ಷೆ. ಹಣೆಗೂ ಕಿವಿಯ ಹಿಂದೆಯೂ ಅಂಟುಗುಂಡಿಗಳನ್ನು ಹಚ್ಚಿ, ಕಿವಿಗೆ ಟಿಕ್ ಟಿಕ್ ಎಂಬ ಸದ್ದು ಬಿಟ್ಟು, ಸಾವಿರಾರು ಸದ್ದುಗಳ ಸರಾಸರಿ ತೆಗೆದು ಅಲೆ ಬರೆಯುತ್ತಾರೆ. ಮಗು ಅಲುಗಾಡಬಾರದು. ಹೀಗಾಗಿ ಹಿಂದಿನ ರಾತ್ರಿ ನಿದ್ದೆಗೆಡಿಸಿ ಕರೆತನ್ನಿ ಎನ್ನುತ್ತಾರೆ, ಕೆಲವೊಮ್ಮೆ ನಿದ್ದೆಯ ಸಿರಪ್ ಕುಡಿಸುತ್ತಾರೆ. ಘಟ್ಟದ ಮೇಲಿನ ಊರಿನಿಂದ ಬೆಳಗಿನ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೊರಟ ಮಗು ಬಸ್ಸಿನಲ್ಲೇ ನಿದ್ದೆ ಪೂರೈಸಿ, ಪರೀಕ್ಷೆಯ ಹೊತ್ತಿಗೆ ಕಣ್ಣರಳಿಸಿ ಕುಳಿತಿರುವುದು ಈ ಭಾಗದ ತಾಯಂದಿರಿಗೆ ಹೊಸತಲ್ಲ.

ಬೇರಾ ಸರಿಯಾಗಿ ಬಂದರೆ ಶಬ್ದ ಮಿದುಳಿನ ಬಾಗಿಲವರೆಗೆ ತಲುಪಿದೆ ಎಂದಷ್ಟೇ ಅರ್ಥ. ಒಳಗೆ ಏನಾಗುತ್ತದೆ ಎಂಬುದಕ್ಕೆ ಬೇರೆ ಅಳತೆ ಬೇಕು. ತಲೆಗೆ ವಿದ್ಯುದ್ವಾರಗಳ ಟೊಪ್ಪಿ ಹಾಕಿ ಇಇಜಿ ದಾಖಲಿಸಿಕೊಳ್ಳುತ್ತ ಶಬ್ದ ಕೇಳಿಸಿದಾಗ ಹೊರಪದರದ ಪ್ರತಿಕ್ರಿಯೆ ಪಿ1, ಎನ್1 ಮುಂತಾದ ಉಬ್ಬುತಗ್ಗುಗಳಾಗಿ ಮೂಡುತ್ತದೆ. ಪಿ1 ಎಂಬ ಮೊದಲ ಉಬ್ಬು ಹಸುಗೂಸಿನಲ್ಲಿ ಶಬ್ದ ಬಿದ್ದ ಸುಮಾರು 300 ಮಿಲಿಸೆಕೆಂಡಿಗೆ ಬರುತ್ತದೆ. ಶಾಲೆಯ ವಯಸ್ಸಿನ ಹೊತ್ತಿಗೆ 100ರ ಆಸುಪಾಸಿಗೆ ಇಳಿಯುತ್ತದೆ. ಮಿದುಳು ಬಲಿತಂತೆ ಸ್ಪಂದನ ಚುರುಕಾಗುವುದರ ಗುರುತು ಅದು. ಭಾಷಾ ನ್ಯೂನತೆಯ ಮಕ್ಕಳನ್ನು ಗುಂಪಾಗಿ ನೋಡಿದಾಗ ಈ ಅಲೆಗಳು ಹಲವು ಅಧ್ಯಯನಗಳಲ್ಲಿ ಅವರಿಗಿಂತ ಕಿರಿಯ ಮಕ್ಕಳ ಅಲೆಗಳಂತೆ ಕಂಡಿವೆ. ಇದು ರೋಗವೋ, ಬಲಿಯುವಿಕೆಯ ವಿಳಂಬವೋ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟಿತು.

ಎಳೆಯ ಮಕ್ಕಳಿಗೆ ಇನ್ನೂ ಅನುಕೂಲವಾದದ್ದು ಫಿನ್ಲೆಂಡಿನ ರಿಸ್ಟೊ ನಾಟಾನೆನ್ ಮತ್ತು ಸಂಗಡಿಗರು 1978ರಲ್ಲಿ ವರ್ಣಿಸಿದ ಮಿಸ್‌ಮ್ಯಾಚ್ ನೆಗೆಟಿವಿಟಿ. ‘ಪ ಪ ಪ ಪ’ ಎಂದು ಒಂದೇ ಸದ್ದು ಬರುತ್ತಿರುವಾಗ ನಡುವೆ ಒಂದು ‘ಬ’ ನುಸುಳಿದರೆ ಮಿದುಳು ತಾನಾಗಿ ಬೆಚ್ಚುತ್ತದೆ. ಬದಲಾದ ಸದ್ದಿಗೆ ಸುಮಾರು 150ರಿಂದ 250 ಮಿಲಿಸೆಕೆಂಡಿನಲ್ಲಿ ಅಲೆ ಒಂದು ತಗ್ಗು ತೋರಿಸುತ್ತದೆ. ಮಗು ಗಮನ ಕೊಡಬೇಕಿಲ್ಲ, ಉತ್ತರ ಹೇಳಬೇಕಿಲ್ಲ, ಸದ್ದಿಲ್ಲದ ಕಾರ್ಟೂನ್ ನೋಡುತ್ತ ಕುಳಿತರೆ ಸಾಕು. ಮಾತು ಬಾರದ ಮಗುವಿನಿಂದ ‘ನಿನಗೆ ವ್ಯತ್ಯಾಸ ತಿಳಿಯಿತೇ’ ಎಂಬುದಕ್ಕೆ ಉತ್ತರ ಪಡೆಯಲು ಇದಕ್ಕಿಂತ ನೇರವಾದ ಉಪಾಯ ಸದ್ಯಕ್ಕಿಲ್ಲ.

ವೇಗದ ವಾದ

1973ರಲ್ಲಿ ಪೌಲಾ ಟಲ್ಲಾಲ್ ಮತ್ತು ಮಾಲ್ಕಂ ಪಿಯರ್ಸಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಪ್ರಯೋಗ ಪ್ರಕಟಿಸಿದರು. ಎರಡು ಸ್ವರಗಳನ್ನು ಒಂದರ ಬೆನ್ನಿಗೆ ಒಂದು ಕೇಳಿಸಿ, ಯಾವುದು ಮೊದಲು ಎಂದು ಗುಂಡಿ ಒತ್ತಿ ತೋರಿಸಲು ಹೇಳುವುದು. ಸಾಮಾನ್ಯ ಮಕ್ಕಳು ಎರಡರ ನಡುವೆ ಕೆಲವೇ ಮಿಲಿಸೆಕೆಂಡು ಬಿಡುವಿದ್ದರೂ ಸರಿಯಾಗಿ ಹೇಳಿದರು. ಭಾಷಾ ತೊಡಕಿನ ಮಕ್ಕಳಿಗೆ ನೂರಾರು ಮಿಲಿಸೆಕೆಂಡು ಬೇಕಾಯಿತು. ಬಿಡುವು ಹೆಚ್ಚಿಸಿದರೆ ಅವರೂ ಸರಿ. ಮಾತಿನಲ್ಲಿ ವ್ಯಂಜನವೊಂದು ಸ್ವರಕ್ಕೆ ಜಾರುವುದು ಸುಮಾರು 40–50 ಮಿಲಿಸೆಕೆಂಡಿನಲ್ಲಿ. ಅಷ್ಟು ಬೇಗ ಬದಲಾಗುವ ಸದ್ದನ್ನು ಮಿದುಳು ಹಿಡಿಯಲಾರದೆ ಹೋದರೆ ‘ಬ’ಗೂ ‘ದ’ಗೂ ಭೇದ ತಿಳಿಯದು, ಪದಗಳು ಮಸುಕಾಗಿ ಕೂರುತ್ತವೆ, ವ್ಯಾಕರಣ ಕಟ್ಟುವುದಿಲ್ಲ. ಇಷ್ಟು ಸರಳವಾಗಿ, ಇಷ್ಟು ಸುಂದರವಾಗಿ ಕೂಡಿಬರುವ ವಿವರಣೆ ವಿಜ್ಞಾನದಲ್ಲಿ ಅಪರೂಪ. ಅದಕ್ಕೇ ಇರಬೇಕು, ಇದು ಬೇಗ ಮಾರುಕಟ್ಟೆಗೂ ಹೋಯಿತು. 1996ರಲ್ಲಿ ಟಲ್ಲಾಲ್ ಮತ್ತು ನರವಿಜ್ಞಾನಿ ಮೈಕೆಲ್ ಮೆರ್ಜೆನಿಕ್ ಅವರ ತಂಡ, ಮಾತನ್ನು ಎಳೆದು ನಿಧಾನ ಮಾಡಿ, ಬೇಗ ಬದಲಾಗುವ ಭಾಗಗಳನ್ನು ಜೋರು ಮಾಡಿ ಕಂಪ್ಯೂಟರ್ ಆಟಗಳ ಮೂಲಕ ಮಕ್ಕಳಿಗೆ ಅಭ್ಯಾಸ ಮಾಡಿಸಿದರೆ ಭಾಷೆ ಸುಧಾರಿಸುತ್ತದೆ ಎಂದು ‘ಸೈನ್ಸ್’ನಲ್ಲಿ ಬರೆಯಿತು. ಫಾಸ್ಟ್ ಫಾರ್‌ವರ್ಡ್ ಎಂಬ ಹೆಸರಿನಲ್ಲಿ ಆ ಆಟಗಳು ಮಾರಾಟಕ್ಕೆ ಬಂದವು.

ಆಮೇಲೆ ಬಂದ ಫಲಿತಾಂಶಗಳು ಅಷ್ಟು ಉದಾರವಾಗಿರಲಿಲ್ಲ. 2008ರಲ್ಲಿ ರೊನಾಲ್ಡ್ ಗಿಲ್ಲಮ್ ಮತ್ತು ಸಂಗಡಿಗರು 216 ಮಕ್ಕಳನ್ನು ನಾಲ್ಕು ಗುಂಪು ಮಾಡಿ ಹೋಲಿಸಿದರು: ಒಂದಕ್ಕೆ ಈ ಆಟ, ಒಂದಕ್ಕೆ ಮಾತನ್ನು ಮಾರ್ಪಡಿಸದ ಬೇರೆ ಕಂಪ್ಯೂಟರ್ ಭಾಷಾಭ್ಯಾಸ, ಒಂದಕ್ಕೆ ಚಿಕಿತ್ಸಕರೊಡನೆ ಎದುರುಬದುರು ಪಾಠ, ಇನ್ನೊಂದಕ್ಕೆ ಭಾಷೆಗೆ ಸಂಬಂಧವಿಲ್ಲದ ಪಠ್ಯ ಆಟಗಳು. ನಾಲ್ಕೂ ಗುಂಪು ಒಂದೇ ಸಮ ಸುಧಾರಿಸಿದವು. ಅದಕ್ಕೂ ಮುಂಚೆ 1999ರಲ್ಲಿ ಬಿಷಪ್ ಅವರ ತಂಡ ಅವಳಿ ಮಕ್ಕಳ ಮೇಲೆ ಮಾಡಿದ ಕೆಲಸ ಇನ್ನೊಂದು ಪೆಟ್ಟು ಕೊಟ್ಟಿತ್ತು. ಅರ್ಥವಿಲ್ಲದ ಪದವನ್ನು ಕೇಳಿ ಹಾಗೆಯೇ ಹೇಳುವ ಶಕ್ತಿಯ ಕೊರತೆ ವಂಶದಲ್ಲಿ ಹರಿದುಬರುತ್ತದೆ; ಟಲ್ಲಾಲ್ ಪರೀಕ್ಷೆಯ ಕೊರತೆ ಹಾಗಲ್ಲ, ಅದು ಹೆಚ್ಚಾಗಿ ಅವಳಿಗಳು ಒಟ್ಟಿಗೆ ಹಂಚಿಕೊಂಡ ಪರಿಸರದ್ದು. ಆ ಲೇಖನಕ್ಕೆ ಟಲ್ಲಾಲ್ ಕೂಡ ಸಹಲೇಖಕಿ ಎಂಬುದನ್ನು ಅವರ ಗೌರವಕ್ಕಾಗಿ ಹೇಳಬೇಕು.

ಈಗಿನ ತಿಳಿವು ಹೀಗೆ: ಗುಂಪಿನ ಸರಾಸರಿಯಲ್ಲಿ ಶಬ್ದಗ್ರಹಣದ ವ್ಯತ್ಯಾಸ ನಿಜ. ಆದರೆ ಭಾಷಾ ನ್ಯೂನತೆಯಿದ್ದೂ ಶಬ್ದಪರೀಕ್ಷೆ ಸರಿಯಾಗಿರುವ ಮಕ್ಕಳಿದ್ದಾರೆ, ಶಬ್ದಪರೀಕ್ಷೆ ಕೆಟ್ಟಿದ್ದೂ ಮಾತು ಸರಿಯಾಗಿರುವ ಮಕ್ಕಳೂ ಇದ್ದಾರೆ. ಹೀಗಾಗಿ ಒಂದು ಮಗುವಿನ ಅಲೆಯನ್ನು ನೋಡಿ ‘ಇದಕ್ಕೆ ಡಿಎಲ್‌ಡಿ’ ಎಂದು ಬರೆದುಕೊಡುವ ಕಾಲ ಬಂದಿಲ್ಲ. ಹಾಗೆ ಬರೆದುಕೊಡುತ್ತೇವೆ ಎನ್ನುವ ಜಾಹೀರಾತು ಕಂಡರೆ ದುಡ್ಡು ಉಳಿಸಿಕೊಳ್ಳುವುದು ಲೇಸು.

ಬಳೆ ಮತ್ತು ಬಾಳೆ

ಇಂಗ್ಲಿಷ್ ಮಕ್ಕಳಿಂದ ಕಲಿತದ್ದನ್ನು ಕನ್ನಡಕ್ಕೆ ತರುವಾಗ ನಿಲ್ಲಬೇಕಾದ ಜಾಗ ಇದು. ಇಂಗ್ಲಿಷಿನಲ್ಲಿ ಬಹುವಚನವನ್ನೂ ಭೂತಕಾಲವನ್ನೂ ಹೇಳುವುದು ಪದದ ಕೊನೆಯ ಒಂದು ಕ್ಷೀಣ ವ್ಯಂಜನ. ಅದು ಕಿವಿಗೆ ಬೀಳದಿದ್ದರೆ ವ್ಯಾಕರಣವೇ ಜಾರುತ್ತದೆ. ಕನ್ನಡದಲ್ಲಿ ಪ್ರತ್ಯಯಗಳು ಸಾಮಾನ್ಯವಾಗಿ ಇಡೀ ಅಕ್ಷರಗಳು: ಮನೆಯಲ್ಲಿ, ಮನೆಗೆ, ಮನೆಯಿಂದ. ಕೇಳುವುದಕ್ಕೆ ಅವು ಸುಲಭ. ಕನ್ನಡದ ಮಿದುಳಿಗೆ ಕೆಲಸ ಕೊಡುವುದು ಬೇರೆಯದೇ: ಉದ್ದ. ಬಳೆ–ಬಾಳೆ ಎಂಬಲ್ಲಿ ಹ್ರಸ್ವಕ್ಕಿಂತ ದೀರ್ಘ ಸ್ವರ ಹೆಚ್ಚುಕಡಿಮೆ ಎರಡು ಪಟ್ಟು ಉದ್ದ. ಕತೆ–ಕತ್ತೆ ಎಂಬಲ್ಲಿ ನಾಲಿಗೆ ತಡೆದು ನಿಂತ ಮೌನದ ಅವಧಿಯೇ ಎರಡು ಪಟ್ಟು. ಇದರ ಜೊತೆಗೆ ‘ಪ’ ಮತ್ತು ‘ಬ’. ಇಂಗ್ಲಿಷಿನ ಬ ಬಹುತೇಕ ತುಟಿ ತೆರೆದ ಮೇಲೆ ದನಿಗೂಡುತ್ತದೆ, ಕನ್ನಡದ ಬ ತುಟಿ ಮುಚ್ಚಿರುವಾಗಲೇ ಗಂಟಲಲ್ಲಿ ಗುನುಗಿರುತ್ತದೆ. ಆಮೇಲೆ ‘ತ’ ಮತ್ತು ‘ಟ’. ನಾಲಿಗೆ ಹಲ್ಲಿಗೆ ತಾಗಿತೋ ಅಂಗುಳಕ್ಕೆ ಮಡಿಯಿತೋ ಎಂಬುದು ಸ್ವರಕ್ಕೆ ಜಾರುವ ಆ ಕೆಲವೇ ಮಿಲಿಸೆಕೆಂಡುಗಳಲ್ಲಿ ಅಡಗಿದೆ.

ಈ ಕೊನೆಯ ಜೋಡಿಗೆ ಶ್ರವಣ ವಿಜ್ಞಾನದ ಇತಿಹಾಸದಲ್ಲಿ ವಿಶೇಷ ಸ್ಥಾನವಿದೆ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಶಿಶುಗಳು ಹಿಂದಿಯ ತ–ಟ ಭೇದವನ್ನು ಲೀಲಾಜಾಲವಾಗಿ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಿಗೆ ಆ ಶಕ್ತಿ ಕಳೆದುಕೊಂಡವು. ಮನೆಮಾತಿಗೆ ಬೇಡದ ಭೇದವನ್ನು ಮಿದುಳು ಒಂದು ವರ್ಷದೊಳಗೆ ಬದಿಗೆ ಸರಿಸುತ್ತದೆ, ಬೇಕಾದದ್ದನ್ನು ಹರಿತ ಮಾಡಿಕೊಳ್ಳುತ್ತದೆ. ಮಾತಾಡಲು ಬಾರದ ಕೂಸು ಆಗಲೇ ತನ್ನ ಭಾಷೆಯ ಅಕ್ಷರಮಾಲೆಯನ್ನು ಕಿವಿಯಲ್ಲಿ ಬರೆದುಕೊಂಡಿರುತ್ತದೆ.

ಕನ್ನಡಕ್ಕೆ ಹೆಚ್ಚು ಹತ್ತಿರದ ಸಾಕ್ಷ್ಯ ಜರ್ಮನಿಯಿಂದ ಬಂದಿದೆ. ಜರ್ಮನ್ ಭಾಷೆಯಲ್ಲೂ ಹ್ರಸ್ವ–ದೀರ್ಘಗಳಿಗೆ ಅರ್ಥಭೇದವಿದೆ. ಲೈಪ್‌ಜಿಗ್‌ನ ಆಂಗೆಲಾ ಫ್ರೀಡೆರಿಸಿ ಅವರ ತಂಡ 2004ರಲ್ಲಿ ಎರಡು ತಿಂಗಳ ಕೂಸುಗಳಿಗೆ ‘ಬ’ಗಳ ನಡುವೆ ‘ಬಾ’ ಕೇಳಿಸಿ ಮಿದುಳಲೆ ದಾಖಲಿಸಿತು. ಮನೆಯಲ್ಲಿ ಯಾರಿಗಾದರೂ ಭಾಷಾ ನ್ಯೂನತೆಯಿದ್ದ ಕುಟುಂಬಗಳ ಕೂಸುಗಳಲ್ಲಿ ಬದಲಾವಣೆಗೆ ಬರುವ ಪ್ರತಿಕ್ರಿಯೆ ಉಳಿದವರಿಗಿಂತ ತಡವಾಗಿತ್ತು. ಎರಡು ತಿಂಗಳು ಎಂದರೆ ಕುತ್ತಿಗೆ ಇನ್ನೂ ಗಟ್ಟಿಯಾಗಿ ನಿಲ್ಲದ ವಯಸ್ಸು. ತೊಡಕಿನ ಬೇರು ಕೆಲವರಲ್ಲಾದರೂ ಪಾಲನೆಯ ದೋಷದಲ್ಲಿಲ್ಲ ಎಂಬುದಕ್ಕೆ ಇಷ್ಟು ಸಾಕು. ‘ಮನೆಯಲ್ಲಿ ಯಾರೂ ಮಾತಾಡಿಸುವುದಿಲ್ಲ, ಅದಕ್ಕೇ ಹೀಗೆ’ ಎಂದು ತಾಯಿಯತ್ತ ಬೆರಳು ತೋರುವವರಿಗೆ ಈ ಪ್ರಯೋಗದ ವಿವರ ಓದಿಹೇಳಬೇಕು.

ಉದ್ದದಷ್ಟೇ ಮುಖ್ಯವಾದದ್ದು ಲಯ. ಕೇಂಬ್ರಿಡ್ಜಿನ ಉಷಾ ಗೋಸ್ವಾಮಿ ಅವರ ವಾದದ ಪ್ರಕಾರ ಮಿದುಳು ಮಾತನ್ನು ಬಿಡಿ ಬಿಡಿ ಧ್ವನಿಯಾಗಿ ಕೇಳುವುದಕ್ಕಿಂತ ಮುಂಚೆ ಅದರ ಏರಿಳಿತಕ್ಕೆ ತನ್ನ ಅಲೆಗಳನ್ನು ಹೊಂದಿಸಿಕೊಳ್ಳುತ್ತದೆ. ಅಕ್ಷರಗಳು ಸೆಕೆಂಡಿಗೆ ನಾಲ್ಕರಿಂದ ಎಂಟರಂತೆ ಬರುತ್ತವೆ, ಒತ್ತುಗಳು ಅದಕ್ಕಿಂತ ನಿಧಾನ. ಪ್ರತಿ ಅಕ್ಷರದ ಆರಂಭದಲ್ಲಿ ದನಿ ಎಷ್ಟು ಬೇಗ ಏರಿತು ಎಂಬುದನ್ನು ಹಿಡಿಯಲಾಗದ ಮಕ್ಕಳು ಪದವನ್ನು ತುಂಡರಿಸಲಾರರು. 2009ರಲ್ಲಿ ಕ್ಯಾಥ್ಲೀನ್ ಕೊರಿವೊ ಮತ್ತು ಗೋಸ್ವಾಮಿ, ಭಾಷಾ ತೊಡಕಿನ ಮಕ್ಕಳು ತಾಳಕ್ಕೆ ಸರಿಯಾಗಿ ಬೆರಳು ಕುಟ್ಟುವುದರಲ್ಲೂ ಹಿಂದೆ ಬೀಳುತ್ತಾರೆಂದು ತೋರಿಸಿದರು. ಮಾತ್ರೆಯ ಲೆಕ್ಕದಲ್ಲಿ ನಡೆಯುವ ಕನ್ನಡದಂಥ ಭಾಷೆಯಲ್ಲಿ ಈ ವಾದವನ್ನು ಪರೀಕ್ಷಿಸುವುದು ನಿಜಕ್ಕೂ ಆಸಕ್ತಿಯ ಕೆಲಸ. ಹಾಗೆಂದು ಮಗುವನ್ನು ಯಕ್ಷಗಾನದ ತಾಳ ಕಲಿಯಲು ಸೇರಿಸಿದರೆ ಮಾತು ಬರುತ್ತದೆ ಎಂದು ಹೇಳುವ ಆಧಾರವಿಲ್ಲ. ತಾಳ ಬರುತ್ತದೆ, ಅದೂ ಒಳ್ಳೆಯದೇ.

ಶಬ್ದ ಮಾತ್ರವಲ್ಲ

ಸೂಸನ್ ಗ್ಯಾದರ್ಕೋಲ್ ಮತ್ತು ಅಲನ್ ಬ್ಯಾಡ್ಲಿ 1990ರಲ್ಲಿ ತೋರಿಸಿದ ಪ್ರಕಾರ ಭಾಷಾ ನ್ಯೂನತೆಯ ಮಕ್ಕಳಿಗೆ ಎರಡು ಅಕ್ಷರದ ಅರ್ಥವಿಲ್ಲದ ಪದ ಹೇಳುವುದು ಕಷ್ಟವಲ್ಲ, ನಾಲ್ಕು ಅಕ್ಷರಕ್ಕೆ ಬಂದರೆ ಕಷ್ಟ. ಅಂದರೆ ಶಬ್ದ ಒಳಗೆ ಹೋಗುತ್ತದೆ, ಕೆಲವು ಕ್ಷಣ ಹಿಡಿದಿಟ್ಟುಕೊಳ್ಳುವ ಜಾಗ ಸಾಲದು. 2005ರಲ್ಲಿ ಮೈಕೆಲ್ ಉಲ್ಮನ್ ಮತ್ತು ಎಲಿಜಬೆತ್ ಪಿಯರ್‌ಪಾಂಟ್ ಇನ್ನೊಂದು ದಿಕ್ಕು ತೋರಿಸಿದರು: ಸೈಕಲ್ ಕಲಿತಂತೆ ಅರಿವಿಲ್ಲದೆ ಕಲಿಯುವ ವಿದ್ಯೆಗೆ ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಬೇಕು, ವ್ಯಾಕರಣವೂ ಅಂಥ ವಿದ್ಯೆಯೇ. ಮಿದುಳಿನ ಚಿತ್ರಗಳನ್ನು ಒಟ್ಟುಗೂಡಿಸಿ ಉಲ್ಮನ್ ತಂಡ 2024ರಲ್ಲಿ ಮಾಡಿದ ವಿಶ್ಲೇಷಣೆಯೂ ಆ ಭಾಗದಲ್ಲೇ, ಅದರ ಮುಂತುದಿಯಲ್ಲೇ, ವ್ಯತ್ಯಾಸ ಕಂಡಿತು. ಹಾಗಾಗಿ ಕಿವಿಯ ಮೇಲಿನ ಹೊರಪದರವೊಂದನ್ನೇ ಹಿಡಿದು ಕೂರುವುದು ಈಗ ಹಳೆಯ ಮಾತು.

ಡಿಎಲ್‌ಡಿಯಂತೆ ಕಂಡು ಬೇರೆಯೇ ಆಗಿರುವ ಸ್ಥಿತಿಗಳೂ ಇವೆ. ಆಡಿಟರಿ ನ್ಯೂರೋಪತಿಯಲ್ಲಿ ಒಳಕಿವಿ ಸ್ಪಂದಿಸುತ್ತದೆ, ಆದರೆ ನರದ ಸಂಕೇತಗಳು ಒಂದೇ ಹೊತ್ತಿಗೆ ಹೊರಡದೆ ಚದುರಿ ಬೇರಾ ಅಲೆಯೇ ಮೂಡುವುದಿಲ್ಲ. ಹುಟ್ಟಿದಾಗ ಕಾಮಾಲೆ ವಿಪರೀತ ಏರಿದ ಮಕ್ಕಳಲ್ಲಿ ಇದು ಕಾಣಸಿಗುತ್ತದೆ. ಚೆನ್ನಾಗಿ ಮಾತಾಡುತ್ತಿದ್ದ ಮೂರರಿಂದ ಏಳು ವರ್ಷದ ಮಗು ಇದ್ದಕ್ಕಿದ್ದಂತೆ ಮಾತು ಅರ್ಥವಾಗದವರಂತಾದರೆ ಲ್ಯಾಂಡೌ–ಕ್ಲೆಫ್ನರ್ ಸಿಂಡ್ರೋಮ್ ಇರಬಹುದು, ಅದು ನಿದ್ದೆಯ ಇಇಜಿಯಲ್ಲಿ ಸಿಗುವ ಅಪಸ್ಮಾರದ ಬಗೆ. ಬಂದ ಮಾತು ಹೋದರೆ ಒಂದು ದಿನವೂ ಕಾಯಬಾರದು.

ಕರ್ನಾಟಕದಲ್ಲಿ

ವಾಕ್ ಶ್ರವಣ ವಿದ್ಯೆ ಭಾರತದಲ್ಲಿ ಬೇರೂರಿದ್ದೇ ಮೈಸೂರಿನಲ್ಲಿ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಶುರುವಾಯಿತು. ಕನ್ನಡ ಮಕ್ಕಳ ಉಚ್ಚಾರಣೆ, ಪದಸಂಪತ್ತು, ವಾಕ್ಯಜ್ಞಾನ ಅಳೆಯುವ ಪರೀಕ್ಷೆಗಳು ಬಹುಪಾಲು ಅಲ್ಲಿಂದಲೇ ಬಂದವು. ಪ್ರತಿಭಾ ಕಾರಂತ ಅವರ ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟ್, 1990ರ ಕನ್ನಡ ಲ್ಯಾಂಗ್ವೇಜ್ ಟೆಸ್ಟ್ ಇಂದಿಗೂ ಬಳಕೆಯಲ್ಲಿವೆ. ಶಾಲೆಯ ಮಕ್ಕಳಲ್ಲಿ ಶಬ್ದಗ್ರಹಣದ ತೊಂದರೆಯನ್ನು ಶಿಕ್ಷಕರೇ ಗುರುತಿಸಲು ಅನುಕೂಲವಾಗುವ ಪ್ರಶ್ನಾವಳಿಯನ್ನು ಸಂಸ್ಥೆಯ ಆಶಾ ಯತಿರಾಜ್ ರೂಪಿಸಿದರು. ಕಾರಂತರು ಮುಂದೆ ಬೆಂಗಳೂರಿನಲ್ಲಿ ಕಾಮ್ ಡಿಯಾಲ್ ಎಂಬ ಸಂಸ್ಥೆ ಕಟ್ಟಿ ಶಾಲಾಪೂರ್ವ ಮಕ್ಕಳ ಆರಂಭಿಕ ತರಬೇತಿಗೆ ಒಂದು ಮಾದರಿ ಕೊಟ್ಟರು. ಮಂಗಳೂರು, ಮಣಿಪಾಲ, ಬೆಂಗಳೂರು, ಧಾರವಾಡಗಳಲ್ಲೂ ವಾಕ್ ಶ್ರವಣ ಕಾಲೇಜುಗಳಿವೆ. ಶಿರಸಿ ಕಡೆಯವರಿಗೆ ಹತ್ತಿರದವು ಧಾರವಾಡ, ಹುಬ್ಬಳ್ಳಿ. ಅಲ್ಲಿಗೂ ನೂರು ಕಿಲೋಮೀಟರಿನ ಆಸುಪಾಸು. ಜಿಲ್ಲಾ ಕೇಂದ್ರವಾದ ಕಾರವಾರಕ್ಕೆ ಹೋಗಬೇಕಾದರೆ ಶಿರಸಿಯವರು ದೇವಿಮನೆ ಘಟ್ಟ, ಯಲ್ಲಾಪುರದವರು ಅರಬೈಲ್ ಘಟ್ಟ ಇಳಿಯಬೇಕು. ವಾರಕ್ಕೆ ಎರಡು ಸಲ ಬನ್ನಿ ಎಂದು ಚೀಟಿಯಲ್ಲಿ ಬರೆಯುವುದು ಸುಲಭ.

ಶಿರಸಿ, ಸಿದ್ದಾಪುರ, ಯಲ್ಲಾಪುರ

ಈ ಮೂರು ತಾಲ್ಲೂಕುಗಳಲ್ಲಿ ಒಂದು ಮಗುವಿನ ಮಾತು ತಡವಾದಾಗ ಮಿದುಳಿನ ತನಕ ಹೋಗುವ ಮುಂಚೆ ಬಗೆಹರಿಸಿಕೊಳ್ಳಬೇಕಾದದ್ದು ಮೂರಿವೆ: ಮನೆಮಾತು, ಕಿವಿ, ಮಳೆ.

ಮನೆಮಾತಿನ ವಿಷಯ ಇಲ್ಲಿ ತುಂಬ ಜಟಿಲ. ಒಂದೇ ಅಂಗನವಾಡಿಯಲ್ಲಿ ಹವ್ಯಕ ಕನ್ನಡದ ಕೂಸು, ನಾಮಧಾರಿ ಮನೆಯ ಕನ್ನಡದ ಹುಡುಗ, ಕೊಂಕಣಿ, ಉರ್ದು, ಯಲ್ಲಾಪುರದ ಕಡೆಯಾದರೆ ಸಿದ್ದಿಗಳ ಕೊಂಕಣಿ ಮತ್ತು ಗೌಳಿಗಳ ಮರಾಠಿ ಮಾತಾಡುವ ಮಕ್ಕಳು ಕುಳಿತಿರುತ್ತಾರೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಸಿದ್ದಿ ಸಮುದಾಯದ ಮಗುವಿಗೆ ಅಂಗನವಾಡಿಯ ಅಕ್ಕೋರ (ಶಿಕ್ಷಕಿಯ) ಕನ್ನಡ ಎರಡನೆಯ ಭಾಷೆ. ಅದು ಮೊದಲ ಕೆಲವು ತಿಂಗಳು ಸುಮ್ಮನೆ ಕುಳಿತರೆ ಅದು ಕಲಿಕೆ, ಕಾಯಿಲೆಯಲ್ಲ. ಭಾಷಾ ನ್ಯೂನತೆ ಇದ್ದರೆ ಅದು ಎರಡೂ ಭಾಷೆಯಲ್ಲಿ ಕಾಣಬೇಕು. ಮನೆಯಲ್ಲಿ ಅಜ್ಜಿಯೊಡನೆ ಹರಟುವ ಮಗು ಶಾಲೆಯಲ್ಲಿ ಮಾತ್ರ ಮೌನಿಯಾದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಎರಡು ಭಾಷೆ ಕೇಳಿಸಿದ್ದರಿಂದಲೇ ಮಾತು ಕೆಟ್ಟಿತು ಎಂಬುದಕ್ಕೂ ಆಧಾರವಿಲ್ಲ. ಮನೆಮಾತು ಬಿಟ್ಟು ಕನ್ನಡ ಒಂದನ್ನೇ ಆಡಿ, ಈಗೀಗ ಇಂಗ್ಲಿಷ್ ಒಂದನ್ನೇ ಆಡಿ, ಎಂದು ಕೊಡುವ ಸಲಹೆ ಮಗುವಿಗೆ ಸಿಗುತ್ತಿದ್ದ ಮಾತನ್ನೂ ಕಡಿಮೆ ಮಾಡುತ್ತದೆ.

ಕನ್ನಡದೊಳಗೇ ಇನ್ನೊಂದು ಸೂಕ್ಷ್ಮವಿದೆ. ಹವ್ಯಕ ಮಗು ‘ಅಕ್ಕ ಬಂತು’ ಎಂದರೆ ಅದರ ಮನೆಯ ವ್ಯಾಕರಣಕ್ಕೆ ಅದು ಪೂರ್ತಿ ಸರಿ. ಮೈಸೂರು ಕನ್ನಡವನ್ನು ಮನಸ್ಸಿನಲ್ಲಿಟ್ಟುಕೊಂಡ ಪರೀಕ್ಷಕರು ‘ಬಂದಳು’ ಬರಲಿಲ್ಲವೆಂದು ಅಂಕ ಕಳೆದರೆ ಸೋತದ್ದು ಪರೀಕ್ಷೆ. ಶಾಲೆಯನ್ನು ಸಾಲೆ ಎನ್ನುವುದು, ಮಹಾಪ್ರಾಣವನ್ನು ಅಲ್ಪಪ್ರಾಣವಾಗಿ ನುಡಿಯುವುದು ಇವೂ ಹಾಗೆಯೇ. ಸುತ್ತಲಿನ ದೊಡ್ಡವರೆಲ್ಲ ಹಾಗೇ ಆಡುತ್ತಿದ್ದರೆ ಮಗುವಿನ ಮಿದುಳು ತನ್ನ ಕೆಲಸ ಸರಿಯಾಗಿಯೇ ಮಾಡಿದೆ.

ಎರಡನೆಯದು ಕಿವಿ. ಶೀತ, ಕೆಮ್ಮು ಬಿಡದ ಮಳೆಗಾಲದಲ್ಲಿ ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಸಣ್ಣ ನಳಿಗೆ ಕಟ್ಟಿಕೊಂಡು ಕಿವಿತಮಟೆಯ ಹಿಂದೆ ಅಂಟಾದ ದ್ರವ ತುಂಬುತ್ತದೆ. ನೋವಿಲ್ಲ, ಸೋರುವುದಿಲ್ಲ, ಹೊರಗಿನಿಂದ ಏನೂ ಕಾಣದು. ಆದರೆ ಕೇಳುವ ಮಟ್ಟ ಸರಾಸರಿ 25–30 ಡೆಸಿಬಲ್ ಇಳಿಯುತ್ತದೆ, ಮೆತ್ತಗಿನ ಮಾತು ಮಸುಕಾಗುತ್ತದೆ. ಅದು ತಾನಾಗಿ ಇಂಗಿಹೋಗುವುದೇ ಹೆಚ್ಚು. ಕೆಲವರಲ್ಲಿ ಮತ್ತೆ ಮತ್ತೆ ಬರುತ್ತದೆ, ಕೆಲವರಲ್ಲಿ ತಮಟೆ ಹರಿದು ಕಿವಿ ಸೋರುತ್ತದೆ. ಕಾಯಿಸಿದ ಎಣ್ಣೆ ಬಿಡುವ ರೂಢಿ ಇನ್ನೂ ಹೋಗಿಲ್ಲ, ತಮಟೆ ತೂತಾಗಿದ್ದರೆ ಅದು ಅಪಾಯ. ಬಜೆ ತೇಯ್ದು ನಾಲಿಗೆಗೆ ಹಚ್ಚುವುದು, ನಾಲಿಗೆಯ ಕೆಳಗಿನ ತಂತು ಕತ್ತರಿಸಿದರೆ ಮಾತು ಬರುತ್ತದೆ ಎಂಬ ನಂಬಿಕೆ ಇವೆಲ್ಲ ತೊಡಕನ್ನು ನಾಲಿಗೆಯಲ್ಲಿ ಹುಡುಕುತ್ತವೆ. ಭಾಷೆ ತಡವಾಗಲು ನಾಲಿಗೆಯ ತಂತು ಕಾರಣವಲ್ಲ.

ಮೂರನೆಯದು ಮಳೆ. ಕಟ್ಟಡದ ಮಾಡು ತಗಡಿನದ್ದಾದರೆ ಆಷಾಢದ ಹೊತ್ತಿಗೆ ಒಳಗೆ ಅಕ್ಕೋರು ಕೂಗಿ ಹೇಳಿದರೂ ಹಿಂದಿನ ಸಾಲಿಗೆ ಪದಗಳ ಸ್ವರಗಳಷ್ಟೇ ತಲುಪುತ್ತವೆ. ವ್ಯಂಜನಗಳು ಸದ್ದಿನಲ್ಲಿ ಕರಗುತ್ತವೆ. ‘ಕಾಯಿ’ಯೋ ‘ಬಾಯಿ’ಯೋ, ಸಂದರ್ಭ ನೋಡಿ ಊಹಿಸಬೇಕು. ಬೆಳೆದವರಿಗೂ ಪದಸಂಪತ್ತಿರುವ ಮಕ್ಕಳಿಗೂ ಆ ಊಹೆ ಕಷ್ಟವಲ್ಲ. ಭಾಷಾ ನ್ಯೂನತೆಯ ಮಗುವಿಗೆ ಊಹಿಸಲು ಬಂಡವಾಳವೇ ಕಡಿಮೆ. ಫ್ರಾನ್ಸಿನ ಜೋಹಾನೆಸ್ ಝೀಗ್ಲರ್ ತಂಡ 2005ರಲ್ಲಿ ಇದನ್ನೇ ಅಳೆದು ತೋರಿಸಿತು: ನಿಶ್ಶಬ್ದದಲ್ಲಿ ಈ ಮಕ್ಕಳ ವ್ಯಂಜನಗ್ರಹಣ ಉಳಿದವರ ಹತ್ತಿರಕ್ಕೇ ಬರುತ್ತದೆ, ಹಿನ್ನೆಲೆಯಲ್ಲಿ ಸದ್ದು ಸೇರಿಸಿದೊಡನೆ ಕುಸಿಯುತ್ತದೆ. ಆಸ್ಪತ್ರೆಯ ಸದ್ದುನಿರೋಧಕ ಕೋಣೆಯಲ್ಲಿ ಪಾಸಾದ ಮಗು ತರಗತಿಯಲ್ಲಿ ಕೇಳದವರಂತೆ ಕೂರುವುದಕ್ಕೆ ಇದು ಒಂದು ಕಾರಣ. ತರಗತಿಯಲ್ಲಿ ಶಿಕ್ಷಕರ ದನಿ ಹಿನ್ನೆಲೆ ಸದ್ದಿಗಿಂತ 15 ಡೆಸಿಬಲ್ ಮೇಲಿರಬೇಕೆಂಬ ಶಿಫಾರಸಿದೆ. ತಗಡಿನ ಕೆಳಗೆ ಅದು ಕನಸು. ಹತ್ತಿರ ಕೂರಿಸಿಕೊಳ್ಳುವುದು, ಮುಖ ಕಾಣುವಂತೆ ಮಾತಾಡುವುದು, ಮಳೆ ಜೋರಾದಾಗ ಕತೆ ನಿಲ್ಲಿಸಿ ಚಿತ್ರಕ್ಕೆ ತಿರುಗುವುದು, ಇವಕ್ಕೆ ಖರ್ಚಿಲ್ಲ. ಮಾಡಿನ ಕೆಳಗೊಂದು ಒಳಮುಚ್ಚಿಗೆ ಹಾಕಿಸುವುದಕ್ಕೆ ಖರ್ಚಿದೆ, ಮತ್ತು ಎಲ್ಲ ಮಕ್ಕಳಿಗೂ ಅದರಿಂದ ಉಪಯೋಗವಿದೆ.

ಪತ್ತೆ ಮತ್ತು ಚಿಕಿತ್ಸೆ

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಭಾಷೆಯ ವಿಳಂಬವೂ ಇದೆ. ಶಿರಸಿಯಲ್ಲಿ ಹೀಗೆ ಗುರುತಾದವರು ಸಾಮಾನ್ಯವಾಗಿ ಮೊದಲು ತಾಲ್ಲೂಕಿನ ಪಂಡಿತ ಆಸ್ಪತ್ರೆಗೆ ಹೋಗುತ್ತಾರೆ, ಅಲ್ಲಿಂದ ಮೇಲಿನ ಕೇಂದ್ರಗಳಿಗೆ. ‘ಗಂಡುಹುಡುಗರಿಗೆ ಮಾತು ತಡ’, ‘ಇವನ ಅಪ್ಪಂಗೂ ಹಂಗೇ ಆಗಿತ್ತು’ ಎಂಬ ಸಮಾಧಾನಗಳು ನಡುವೆ ವರ್ಷ ತಿನ್ನುತ್ತವೆ. ಎರಡನೆಯ ಮಾತಂತೂ ವಿಜ್ಞಾನದ ದೃಷ್ಟಿಯಲ್ಲಿ ಸಮಾಧಾನವಲ್ಲ, ಎಚ್ಚರಿಕೆ: ವಂಶದಲ್ಲಿದ್ದರೆ ಸಾಧ್ಯತೆ ಹೆಚ್ಚು. ಎರಡು ವರ್ಷಕ್ಕೆ ಮಾತು ತಡವಾದ ಮಕ್ಕಳಲ್ಲಿ ಹಲವರು ಮುಂದೆ ತಾವಾಗಿ ಸರಿಹೋಗುತ್ತಾರೆ ಎಂಬುದೂ ನಿಜ. ಯಾರು ಹೋಗುತ್ತಾರೆ, ಯಾರು ಇಲ್ಲ ಎಂದು ಆ ವಯಸ್ಸಿಗೆ ಹೇಳಲಾಗದು. ಮಾತಿನ ಜೊತೆ ಅರ್ಥಮಾಡಿಕೊಳ್ಳುವುದೂ ಹಿಂದಿದ್ದರೆ ಕಾಯುವುದು ಬೇಡ.

ಚಿಕಿತ್ಸೆಯಲ್ಲಿ ಗೆದ್ದಿರುವುದು ಶಬ್ದದ ಕಸರತ್ತಿಗಿಂತ ಭಾಷೆಯ ಒಡನಾಟ. ಮಗು ಹೇಳಿದ ತುಂಡುಮಾತನ್ನು ದೊಡ್ಡವರು ತಿದ್ದದೆ, ಅಣಕಿಸದೆ, ಪೂರ್ತಿ ಮಾಡಿ ಹಿಂತಿರುಗಿಸುವುದು ಅದರ ತಿರುಳು. ಹವ್ಯಕರ ಮನೆಯಲ್ಲಾದರೆ, ಮಗು ‘ಅಜ್ಜ ತೋಟ’ ಎನ್ನುತ್ತದೆ. ಆಯಿ (ತಾಯಿ) ‘ಹೌದು, ಅಜ್ಜ ತೋಟಕ್ಕೆ ಹೋಜ (ಹೋಗಿದ್ದಾನೆ)’ ಎನ್ನುತ್ತಾಳೆ, ‘-ಕ್ಕೆ’ ಎಂಬಲ್ಲಿ ತುಸು ನಿಂತು, ಮಗುವಿನ ಮುಖ ನೋಡುತ್ತ. ಮಗು ಹಿಂತಿರುಗಿ ಹೇಳಲೇಬೇಕೆಂದಿಲ್ಲ. ದಿನಕ್ಕೆ ಹತ್ತಾರು ಸಲ, ಅಡಿಗೆಮನೆಯಲ್ಲಿ, ಕೊಟ್ಟಿಗೆಯಲ್ಲಿ, ಮನೆಮಾತಿನಲ್ಲೇ. ಚಿಕಿತ್ಸಕರ ಕೆಲಸ ಮುಖ್ಯವಾಗಿ ಮನೆಯವರಿಗೆ ಇದನ್ನು ಕಲಿಸಿ, ಯಾವ ರೂಪವನ್ನು ಯಾವಾಗ ಎತ್ತಿಕೊಳ್ಳಬೇಕೆಂದು ತಿಳಿಸುವುದು. ಮೈಸೂರಿನ ಸಂಸ್ಥೆ ದೂರದ ಊರಿನವರಿಗೆ ಆನ್‌ಲೈನ್ ಚಿಕಿತ್ಸೆ ಕೊಡುತ್ತದೆ. ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಬೇಕಾದ ಮನೆಗಳಿಗೆ ಅದೂ ಅರ್ಧ ಉಪಾಯ.

ಕಾನೂನಿನ ಕಾಗದದಲ್ಲಿ ಈ ಮಕ್ಕಳಿಗೆ ಜಾಗ ಕಿರಿದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಗಳಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವೂ ಇದೆ. ಆದರೆ ಅದರ ವ್ಯಾಖ್ಯೆ ಗಂಟಲಿನ ಶಸ್ತ್ರಚಿಕಿತ್ಸೆ, ಅಫೇಸಿಯಾಗಳಂಥ ಉದಾಹರಣೆ ಕೊಟ್ಟು ಅಂಗದ ಅಥವಾ ನರದ ಕಾರಣದಿಂದ ಬಂದ ಶಾಶ್ವತ ವೈಕಲ್ಯ ಎನ್ನುತ್ತದೆ. ಕಾರಣ ಕಾಣದ ಡಿಎಲ್‌ಡಿಗೆ ಅಲ್ಲಿ ಹೆಸರಿಲ್ಲ. ಕಲಿಕಾ ನ್ಯೂನತೆ ಎಂಬ ಇನ್ನೊಂದು ಬಾಗಿಲಿನಿಂದ ಹೋಗೋಣವೆಂದರೆ 2018ರ ಮಾರ್ಗಸೂಚಿಯಲ್ಲಿ ಆ ತಪಾಸಣೆಗೆ ಇಟ್ಟ ವಯಸ್ಸು ಎಂಟು, ಅಂದರೆ ಮೂರನೆಯ ತರಗತಿ. ಮೂರು ವರ್ಷಕ್ಕೆ ಗುರುತಾದ ಮಗುವಿನ ತಂದೆತಾಯಿ ಪ್ರಮಾಣಪತ್ರಕ್ಕಾಗಿ ಅರ್ಜಿ ಹಿಡಿದು ಬಂದರೆ ಐದು ವರ್ಷ ಬಿಟ್ಟು ಬನ್ನಿ ಎನ್ನುವ ಉತ್ತರಕ್ಕೆ ನಿಯಮದಲ್ಲೇ ಆಸ್ಪದವಿದೆ.